ಸುಕ್ಕಿಲ್ಲದ ಹಾಸಿಗೆಗಳು

ನನ್ನ ಅಕ್ಕನಿಗೆ ಸುಕ್ಕು ಕಂಡರೆ ಆಗುತ್ತಿರಲಿಲ್ಲ. ಮುಖದ ಸುಕ್ಕಲ್ಲ, ಅದನ್ನು ಅವಳು ಲೆಕ್ಕಕ್ಕೇ ಇಟ್ಟವಳಲ್ಲ. ಹಾಸಿಗೆಯ ಮೇಲಿನ ಚಾದರದ ಸುಕ್ಕು. ಊರಿನ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿಯೇ ಅವಳ ತಲೆ ನೆರೆತಿತ್ತು. ಚಾದರದ ಮೂಲೆಯನ್ನು ಲಕೋಟೆಯ ಹಾಗೆ ಮಡಚಿ ಹಾಸಿಗೆಯ ಅಡಿಗೆ ಸಿಕ್ಕಿಸುವುದನ್ನು ಬಂದ ನರ್ಸುಗಳಿಗೆಲ್ಲ ಅವಳೇ ಕಲಿಸಿದ್ದಳು. ನಮ್ಮ ಮನೆಗೆ ಬಂದರೂ ಕೂರುವ ಮೊದಲು ಮಂಚದ ಚಾದರ ಎಳೆದು ಸರಿ ಮಾಡುತ್ತಿದ್ದಳು. ನನ್ನ ಗಂಡ ಅವಳಿಗೆ 'ಇಸ್ತ್ರಿ ಅಕ್ಕ' ಎಂದು ಹೆಸರಿಟ್ಟಿದ್ದ. ಅವಳು ಅವನಿಗೆ 'ಕೆಮ್ಮಣ್ಣ' ಎಂದು ಇಟ್ಟಿದ್ದಳು. ಎರಡು ಹೆಸರೂ ಸರಿಯಾಗಿಯೇ ಇದ್ದವು.

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದು ದುಡಿದು ನನ್ನ ಗಂಡನ ಎದೆಯೊಳಗೆ ಧೂಳು ಮನೆ ಮಾಡಿಕೊಂಡಿತ್ತು, ಕೆಮ್ಮು ಬಿಡುತ್ತಲೇ ಇರಲಿಲ್ಲ. ಚೆನ್ನಾಗಿ ಮಾತಾಡುತ್ತ ಕೂತವನಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತಿತ್ತು. ಹಾಗಾದಾಗಲೆಲ್ಲ ನಾನು ಹೊಲಿಯುತ್ತಿದ್ದ ಬಟ್ಟೆಯನ್ನು ಮಷಿನ್ ಮೇಲೆಯೇ ಬಿಟ್ಟು, ಅವನ ಕಂಕುಳಿಗೆ ಕೈ ಕೊಟ್ಟು ರಸ್ತೆ ದಾಟಿಸುತ್ತಿದ್ದೆ. ಆಸ್ಪತ್ರೆ ನಮ್ಮ ಮನೆಯ ಎದುರಿಗೇ ಇತ್ತು. ಅಕ್ಕ ಅವನ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿ ಕೂರಿಸಿದರೆ ಸಂಜೆಯ ಹೊತ್ತಿಗೆ ಮತ್ತೆ ತಮಾಷೆ ಶುರು ಮಾಡುತ್ತಿದ್ದ. ಆ ರಸ್ತೆ ಅಷ್ಟು ಕಿರಿದಾಗಿದ್ದುದಕ್ಕೆ ಅವನು ಬದುಕಿದ್ದ. ಇದು ಡಾಕ್ಟರೇ ಹೇಳಿದ ಮಾತು.

ಆಸ್ಪತ್ರೆ ನಡೆಯುತ್ತಿದ್ದುದು ಪುರಸಭೆಯ ಆಸರೆಯಲ್ಲಿ. ಅಜ್ಜಂದಿರ ಕಾಲದಲ್ಲಿ ಊರವರೇ ಕಲ್ಲು ಹೊತ್ತು ಕಟ್ಟಿದ ಕಟ್ಟಡವಾದರೂ ಡಾಕ್ಟರ ಸಂಬಳದಿಂದ ಹಿಡಿದು ಆಕ್ಸಿಜನ್ ಸಿಲಿಂಡರಿನವರೆಗೆ ಎಲ್ಲವೂ ಪುರಸಭೆಯ ಕೈಯಲ್ಲಿತ್ತು. ಹೊಸದಾಗಿ ಆರಿಸಿ ಬಂದವರಿಗೆ ಅದು ತಲೆನೋವು ಎನಿಸಿತು. ಹೊಳೆಯಾಚೆ ದೊಡ್ಡ ಆಸ್ಪತ್ರೆ ಇರುವಾಗ ಇದೊಂದು ಯಾಕೆ ಎಂಬ ಮಾತು ಎದ್ದಿತು. ಹೊಳೆಯಾಚೆ ಎಂದರೆ ಸೇತುವೆ ಸುತ್ತಿ ಹೋಗಬೇಕು; ಉಸಿರು ಕಟ್ಟಿದವನು ಅಲ್ಲಿಯವರೆಗೆ ಕಾಯುವವನಲ್ಲ. ಅದನ್ನು ಹೇಳುವುದಕ್ಕೆ ಅವರ ಮನೆಯಲ್ಲಿ ಯಾರಿಗೂ ಉಸಿರು ಕಟ್ಟಿರಲಿಲ್ಲ. ಕಡೆಗೆ, ಅಧ್ಯಕ್ಷರೂ ಸದಸ್ಯರೂ ಒಮ್ಮೆ ಬಂದು ನೋಡುವುದು, ಆಮೇಲೆ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸುವುದು ಎಂದಾಯಿತು.

ಅಧ್ಯಕ್ಷ ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಯಜಮಾನ. ಅಕ್ಕನಿಗೆ ಅದೇ ಧೈರ್ಯ ಕೊಟ್ಟಿತು.

"ಹಾಸಿಗೆ ಬೆಲೆ ಗೊತ್ತಿರೋ ಮನುಷ್ಯ ಅವ್ನು. ಒಂದ್ಸಲ ಒಳಗೆ ಬಂದು ನೋಡ್ಲಿ, ಆಮೇಲೆ ಬಾಯಿ ಬಿಡೋ ಹಾಗಿರಲ್ಲ," ಎಂದಳು.

ಆ ಆಸ್ಪತ್ರೆಯಲ್ಲಿ ತಪಾಸಣೆಗೆಂದು ಒಂದು ಪದ್ಧತಿ ಇತ್ತು. ಮೇಲಿನವರು ಬರುತ್ತಾರೆಂದರೆ ವಾರ್ಡು ಖಾಲಿ ಮಾಡುವುದು. ನಡೆಯಬಲ್ಲ ರೋಗಿಗಳನ್ನು ಆ ದಿನದ ಮಟ್ಟಿಗೆ ಮನೆಗೆ ಕಳಿಸುವುದು, ಆಗದವರನ್ನು ಹಿಂದಿನ ಬಟ್ಟೆ ಕೋಣೆಗೆ ಸಾಗಿಸುವುದು, ಬಾಗಿಲಿಗೆ ಬಂದವರಿಗೆ ನಾಳೆ ಬನ್ನಿ ಎನ್ನುವುದು. ಹಿಂದೆ ಯಾವನೋ ಅಧಿಕಾರಿ ನೆಲದ ಮೇಲೆ ವಾಂತಿ ಕಂಡು ಮೂಗು ಮುಚ್ಚಿಕೊಂಡು ಹೋಗಿ ಡಾಕ್ಟರನ್ನೇ ಎತ್ತಂಗಡಿ ಮಾಡಿಸಿದ್ದನಂತೆ. ಅಂದಿನಿಂದ ಈ ರೂಢಿ ಬಿದ್ದಿತ್ತು. ರೋಗಿಗಳು ಕಣ್ಣಿಗೆ ಬೀಳದಿದ್ದರೆ ಆಸ್ಪತ್ರೆ ಚೆನ್ನಾಗಿದೆ ಎಂದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿತ್ತು. ಅದು ವಿಚಿತ್ರ ಎಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ನಾನು ಹಗಲಿಡೀ ಮಷಿನ್ ತುಳಿದು ಕಿಟಕಿಗಳಿಗೆ ಹೊಸ ಪರದೆ ಹೊಲಿದುಕೊಟ್ಟೆ.

ಅವರು ಬರುವ ಹಿಂದಿನ ದಿನವೇ ನನ್ನ ಗಂಡನಿಗೆ ಉಸಿರು ಕೈಕೊಟ್ಟಿತ್ತು. ಬೆಳಿಗ್ಗೆಯೂ ಕೊಳವೆ ತೆಗೆಯುವ ಹಾಗಿರಲಿಲ್ಲ. ಅಕ್ಕ ಅವನ ಮಂಚದ ಬುಡದಲ್ಲಿ ನಿಂತು ಉಗುರು ಕಚ್ಚಿದಳು.

"ಕೆಮ್ಮಣ್ಣ, ಸ್ವಲ್ಪ ಹೊತ್ತು ಬಟ್ಟೆ ಕೋಣೇಲಿ ಕೂತಿರ್ತೀಯಾ? ಸಿಲಿಂಡರ್ ಅಲ್ಲಿಗೇ ತರಿಸ್ತೀನಿ."

"ಬಟ್ಟೆಗಳ ಜೊತೆ ನನ್ನನ್ನೂ ಮಡಚಿ ಇಟ್ಬಿಡ್ತೀರಾ?" ಎಂದ ಅವನು. ಅಷ್ಟು ಹೇಳುವುದಕ್ಕೇ ಎರಡು ಸಲ ನಿಂತು ಉಸಿರೆಳೆದುಕೊಂಡ.

"ಕೆಮ್ಮು ಬಂದ್ರೆ?" ಎಂದೆ ನಾನು.

ಅಕ್ಕ ಮಡಚಿದ ಟವೆಲೊಂದನ್ನು ಅವನ ಕೈಗಿಟ್ಟಳು. "ತಡ್ಕೋಬೇಕಪ್ಪ. ಅವ್ರು ಆಚೆ ಹೋಗೋವರೆಗೂ."

ಹೀಗೆ ನಾವು ಬಟ್ಟೆ ಕೋಣೆ ಸೇರಿದೆವು. ಸೊಂಟ ಮುರಿದ ಒಬ್ಬ ಅಜ್ಜಿ, ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಕಾಲಿಗೆ ಪಟ್ಟಿ ಸುತ್ತಿದ ಡ್ರೈವರ್, ನಾವಿಬ್ಬರು. ಸುತ್ತ ಕಪಾಟುಗಳ ತುಂಬ ನಾನೇ ಅಂಚು ಹೊಲಿದ ಚಾದರಗಳಿದ್ದವು. ಸೋಪಿನ ವಾಸನೆಗೆ ಕಣ್ಣು ಉರಿಯುತ್ತಿತ್ತು. ತಾಯಿ ಮಗುವಿಗೆ ಎದೆ ಕೊಟ್ಟು ಬಾಯಿ ಮುಚ್ಚಿಸಿದಳು.

ಬಾಗಿಲಾಚೆ ಬೂಟುಗಳ ಸದ್ದು ಕೇಳಿಸಿತು. ಆಮೇಲೆ ಅಧ್ಯಕ್ಷನ ದನಿ ಕೇಳಿಸಿತು.

"ಭಾರಿ ಚೊಕ್ಕವಾಗಿ ಇಟ್ಟಿದೀರಮ್ಮ. ನಮ್ಮ ಲಾಡ್ಜ್ ಹುಡುಗ್ರನ್ನ ನಿಮ್ಮ ಹತ್ರ ಕಳಿಸ್ಬೇಕು, ಹಾಸಿಗೆ ಹಾಕೋದು ಕಲೀಲಿ."

ಅಕ್ಕ ನಕ್ಕಳು. ಅವಳು ಹಾಗೆ ಎಳೆಯ ಹುಡುಗಿಯಂತೆ ನಕ್ಕಿದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು.

"ಎಲ್ಲಿ, ರೋಗಿಗಳೇ ಕಾಣಲ್ಲ?"

"ಎಲ್ರೂ ವಾಸಿ ಆಗಿ ಹೋದ್ರು ಸರ್."

ಆಗಲೇ ನನ್ನ ಗಂಡನ ಎದೆ ಏರತೊಡಗಿತು. ಕೆಮ್ಮು ಒಳಗಿನಿಂದ ಗುದ್ದುತ್ತಿತ್ತು. ಅವನು ಟವೆಲನ್ನು ಬಾಯಿಗೆ ತುರುಕಿಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಇಳಿಯಿತು, ತುಟಿಯ ಬಣ್ಣ ಹೋಯಿತು. ನಾನು ಬಾಗಿಲು ತೆಗೆಯಲು ಎದ್ದೆ. ಅವನು ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದ. ಅಜ್ಜಿ ಮಲಗಿದಲ್ಲಿಂದಲೇ ಕೈ ಚಾಚಿ ಅವನ ಬೆನ್ನು ನೀವುತ್ತಿದ್ದಳು. ಬೂಟುಗಳು ದೂರವಾದವು, ಜೀಪು ಹೊರಟಿತು, ಆಗ ಟವೆಲು ತೆಗೆದ. ಅದರಲ್ಲಿ ರಕ್ತದ ಕಲೆಯಿತ್ತು.

ಅಕ್ಕ ಬಾಗಿಲು ತೆರೆದು ಒಳಗೆ ಬಂದಾಗ ಅವಳ ಮುಖ ಅರಳಿತ್ತು.

"ಒಂದು ಕೆಮ್ಮೂ ಆಚೆ ಬಿಡ್ಲಿಲ್ಲ ನೋಡಿ, ಇಸ್ತ್ರಿ ಅಕ್ಕ," ಎಂದ ಅವನು, ದನಿಯೇ ಇಲ್ಲದ ದನಿಯಲ್ಲಿ.

"ಇವತ್ತು ಆಸ್ಪತ್ರೆ ಉಳಿಸಿದ್ದು ನೀನೇ ಕಣಪ್ಪ," ಎಂದು ಅಕ್ಕ ಅವನ ತಲೆ ಸವರಿದಳು.

ಪುರಸಭೆಯ ಸಭೆಗೆ ಮೂವರೂ ಹೋದೆವು. ಜನರಿಗೆಂದು ಹಿಂದೆ ಹಾಕಿದ್ದ ಬೆಂಚಿನ ಮೇಲೆ ಅಕ್ಕ ಗರಿಗರಿ ಸೀರೆಯುಟ್ಟು ಕೂತಿದ್ದಳು, ಬಹುಮಾನ ತೆಗೆದುಕೊಳ್ಳಲು ಬಂದವಳಂತೆ. ಅಧ್ಯಕ್ಷ ಎದ್ದು ನಿಂತ.

"ನಾನು ನನ್ನ ಕಣ್ಣಾರೆ ನೋಡ್ಕೊಂಡು ಬಂದಿದೀನಿ. ಅಷ್ಟು ಚೊಕ್ಕವಾದ ಜಾಗ ಈ ಊರಲ್ಲೇ ಇನ್ನೊಂದಿಲ್ಲ. ಆದ್ರೆ ಒಂದು ಹಾಸಿಗೆ ಮೇಲೂ ಮನುಷ್ಯ ಇಲ್ಲ. ಒಂದು ಕೆಮ್ಮು ಕೂಡ ಕೇಳಿಸ್ಲಿಲ್ಲ. ನನ್ನ ಲಾಡ್ಜ್ ಹೀಗೆ ಖಾಲಿ ಹೊಡೀತಿದ್ರೆ ಎಂದೋ ಬಾಗಿಲು ಹಾಕ್ತಿದ್ದೆ. ಜನಕ್ಕೆ ಬೇಡದ್ದನ್ನ ನಾವು ಯಾಕೆ ಹೊರಬೇಕು?"

ಅವನು ದುರುಳನಂತೆ ಮಾತಾಡಲಿಲ್ಲ. ಕಂಡದ್ದನ್ನು ಹೇಳಿದ. ನನಗೆ ಮೈ ಉರಿದದ್ದು ಅದಕ್ಕೇ. ಪಕ್ಕದಲ್ಲಿ ಅಕ್ಕನ ಮುಖ ಕಪ್ಪಿಟ್ಟಿತ್ತು. ಅವಳು ಎದ್ದು ನಿಂತಳು.

"ರೋಗಿಗಳು ಇದ್ರು ಸರ್. ನಾನೇ ಬಚ್ಚಿಟ್ಟಿದ್ದೆ."

"ಬಚ್ಚಿಟ್ರಾ? ಯಾಕಮ್ಮ?"

"ಚೆನ್ನಾಗಿ ಕಾಣ್ಲಿ ಅಂತ."

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷ ಮಾತ್ರ ನಗಲಿಲ್ಲ. "ಅವತ್ತು ನನ್ನ ಮುಖ ನೋಡ್ಕೊಂಡು ಎಲ್ರೂ ವಾಸಿ ಆದ್ರು ಅಂದ್ರಿ. ಇವತ್ತು ಇದ್ರು ಅಂತೀರಿ. ನಾನು ಯಾವುದನ್ನ ನಂಬ್ಲಿ?"

ಆಗ ನನ್ನ ಗಂಡ ಬೆಂಚು ಹಿಡಿದು ಮೇಲೆದ್ದ.

"ನಾನಿದ್ದೆ ಸ್ವಾಮಿ, ಬಟ್ಟೆ ಕೋಣೇಲಿ. ನನಗೆ..."

ಮುಂದಿನ ಮಾತು ಬರಲಿಲ್ಲ, ಕೆಮ್ಮು ಬಂತು. ಅಂದು ತಡೆದದ್ದೆಲ್ಲ ಇಂದು ಒಟ್ಟಿಗೆ ಬಂದ ಹಾಗೆ ಬಂತು. ಅವನು ಬಗ್ಗಿ, ಮುದುಡಿ, ಮುಂದಿನ ಬೆಂಚಿನ ಬೆನ್ನಿಗೆ ಹಣೆ ಊರಿ ಕೆಮ್ಮಿದ.

"ಪಾಪ, ಯಾರಾದ್ರೂ ಅವ್ರನ್ನ ಗಾಳಿಗೆ ಕರ್ಕೊಂಡ್ಹೋಗಿ," ಎಂದ ಅಧ್ಯಕ್ಷ. ನಿಜವಾಗಿಯೂ ಮರುಗಿಯೇ ಹೇಳಿದ.

ನಾನು ಅವನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಬೆನ್ನು ತಿಕ್ಕುತ್ತಿದ್ದಾಗ ಒಳಗೆ ಕೈಗಳು ಎದ್ದವು. ಅಕ್ಕ ಹೊರಗೆ ಬಂದು ನಮ್ಮ ಪಕ್ಕ ಕೂತಳು. ಏನಾಯಿತೆಂದು ನಾವು ಕೇಳಲಿಲ್ಲ.

ಮಂಚಗಳನ್ನು ಲಾರಿಗೆ ಹೇರಿ ಹೊಳೆಯಾಚೆಗೆ ಸಾಗಿಸಿದರು. ಡಾಕ್ಟರೂ ಅತ್ತಲೇ ಹೋದರು. ಗೇಟಿಗೆ ಬೀಗ ಬಿತ್ತು. ಅಕ್ಕನಿಗೆ ಅಲ್ಲಿಗೆ ಬಾ ಎಂದು ಕರೆ ಬಂದರೂ ಹೋಗಲಿಲ್ಲ. ಅರ್ಧ ಖಾಲಿಯಾದ ಸಿಲಿಂಡರೊಂದನ್ನು ಯಾರದೋ ಕೈಕಾಲು ಹಿಡಿದು ತಂದು ನಮ್ಮ ಮಂಚದ ಪಕ್ಕ ನಿಲ್ಲಿಸಿ, ನಮ್ಮ ಮನೆಯಲ್ಲೇ ಇದ್ದುಬಿಟ್ಟಳು. ನಾನು ಅವಳೊಂದಿಗೆ ನೆಟ್ಟಗೆ ಮಾತಾಡುತ್ತಿರಲಿಲ್ಲ. ಅವಳನ್ನು ಕಂಡರೆ ನನಗೆ ಆ ಟವೆಲು ಕಾಣುತ್ತಿತ್ತು. ನನ್ನ ಗಂಡ ಮಾತ್ರ ಅವಳನ್ನು ಮೊದಲಿನ ಹಾಗೆಯೇ ರೇಗಿಸುತ್ತಿದ್ದ. "ಇನ್ಮೇಲೆ ನಿಮ್ಮ ವಾರ್ಡಿಗೆ ನಾನೊಬ್ನೇ ರೋಗಿ. ನನ್ನನ್ನ ಬಚ್ಚಿಡ್ಬೇಡಿ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನಿಗೆ ಉಸಿರು ಕಟ್ಟಿತು. ಅಭ್ಯಾಸಬಲದಿಂದ ನಾನು ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ, ಹೊಸ್ತಿಲವರೆಗೆ ಎಳೆದೂ ತಂದೆ. ಎದುರಿನ ಗೇಟಿನ ಬೀಗ ಕಂಡಿತು. ಮತ್ತೆ ಒಳಗೆ ತಂದು ಮಲಗಿಸಿದೆವು. ಹೊಳೆಯಾಚೆಗೆ ಫೋನ್ ಮಾಡಿದರೆ ಗಾಡಿ ಹೊರಟಿದೆ ಎಂದರು. ಸಿಲಿಂಡರ್ ಸ್ವಲ್ಪ ಹೊತ್ತು ಸುಸ್ಸೆಂದು ನಿಂತುಹೋಯಿತು. ಅಕ್ಕ ಅವನನ್ನು ಎದೆಗೆ ಒರಗಿಸಿಕೊಂಡು ಕೂತು, "ನಿಧಾನ ಕೆಮ್ಮಣ್ಣ, ನಿಧಾನ, ಕೆಮ್ಮಿಬಿಡು, ಜೋರಾಗಿ ಕೆಮ್ಮು," ಎಂದು ಹೇಳುತ್ತಲೇ ಇದ್ದಳು. ಅವನಲ್ಲಿ ಕೆಮ್ಮುವ ಶಕ್ತಿ ಇರಲಿಲ್ಲ. ಗಾಡಿ ಸೇತುವೆಯ ಮೇಲಿದ್ದಾಗಲೇ ಅವನು ಹೋದ.

ಗಾಡಿಯವರು ಬಂದು ನೋಡಿ, ತಲೆಯಾಡಿಸಿ, ಅವನನ್ನು ಎತ್ತಿ ಹೊರಗೆ ಜಗುಲಿಯ ಮೇಲೆ ಮಲಗಿಸಿದರು. ನೆರೆಯವರು ಸೇರತೊಡಗಿದರು. ನಾನು ಒಳಗೆ ಬಂದಾಗ ಅಕ್ಕ ಖಾಲಿ ಮಂಚದ ಮುಂದೆ ನಿಂತಿದ್ದಳು. ಅವನು ಒದ್ದಾಡಿದ್ದ ಚಾದರ ಮುದ್ದೆಯಾಗಿತ್ತು, ನಡುವೆ ಅವನ ಮೈಯ ತಗ್ಗು ಹಾಗೇ ಇತ್ತು. ಅಕ್ಕನ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈಗಳು ಮಾತ್ರ ತಮ್ಮ ಪಾಡಿಗೆ ಚಾದರವನ್ನು ಎಳೆದು, ಒಂದು ಮೂಲೆಯನ್ನು ಲಕೋಟೆಯ ಹಾಗೆ ಮಡಚುತ್ತಿದ್ದವು.

ನಾನು ಅವಳ ಕೈ ಹಿಡಿದೆ.

"ಬಿಡು ಅಕ್ಕ," ಎಂದೆ. "ಸುಕ್ಕು ಹಾಗೇ ಇರ್ಲಿ. ಇಲ್ಲೊಬ್ಬ ಮಲಗಿದ್ದ ಅಂತ ನೋಡಿದೋರಿಗೆ ಗೊತ್ತಾಗ್ಲಿ."