ಅಮ್ಮನ ಪಾಲಿನ ಮುಯ್ಯಾಳು

ಆರಿದ್ರೆ ಮಳೆ ಹದವಾಗಿ ಹಿಡಿದಿತ್ತು. ಮುಟ್ಟಳ್ಳಿಯ ಬಯಲಿನಲ್ಲಿ ನಟ್ಟಿ ನಡೆದಿತ್ತು. ದುರ್ಗಿಯ ಗದ್ದೆಗೆ ಬೆಳಿಗ್ಗೆಯೇ ಇಳಿದಿದ್ದ ಹೆಂಗಸರ ಸಾಲಿನ ಕೊನೆಯಲ್ಲಿ ವಿನುತಾ, ಮಳೆಗೆ ತೀರಿಹೋದ ಅಮ್ಮನ ಕಂಬಳಿ ಕೊಪ್ಪೆ ಹೊದ್ದು, ಸಸಿಯ ಕಟ್ಟು ಬಿಚ್ಚುತ್ತಿದ್ದಳು.

ಅಮ್ಮ ಹಾಸಿಗೆ ಹಿಡಿದ ವರ್ಷ ಇವರ ಗದ್ದೆ ನೆಟ್ಟುಕೊಟ್ಟವಳು, ವಿನುತಾ ಚಿಕ್ಕಿ ಎಂದು ಕರೆಯುವ ಈ ದುರ್ಗಿ. ಕೂಲಿಯಲ್ಲ, ಮುಯ್ಯಾಳು, ನಮ್ಮ ಗದ್ದೆಗೆ ನೀನು ಬಂದರೆ ನಿನ್ನ ಗದ್ದೆಗೆ ನಾನು. ಅದನ್ನು ತಿರುಗಿಸದೆಯೇ ಅಮ್ಮ ಹೋಗಿಬಿಟ್ಟಳು. ವಿನುತಾ ಮುಂಬೈಯಲ್ಲಿ ಕಾರ್ಟೂನ್ ಸಿನಿಮಾಗಳ ಎಡಿಟರ್. ಯೂನಿಯನ್ನಿನವರು ಕೆಲಸ ನಿಲ್ಲಿಸಿದ್ದರಿಂದ ಈ ಸಲ ನಟ್ಟಿಯ ಹೊತ್ತಿಗೆ ಊರಿಗೆ ಬರುವುದಾಯಿತು.

"ಎಂತ ತಂಗಿ, ಅಲ್ಲಿ ಬೊಂಬೆ ಕುಣಿಸೂದು ಬಿಟ್ಟು ಕೆಸರಿಗೆ ಬಿದ್ಯಲೆ?" ಎಂದಳು ಪಕ್ಕದ ಸುಕ್ರಿ.

"ಕುಣಿಸೂರು ಬೇರೆ, ಸುಕ್ರಕ್ಕ. ಯಾವ ಚಿತ್ರ ಎಷ್ಟೊತ್ತು ಇರ್ಬೇಕು ಅಂತ ನೋಡೂದು ನಾನು."

"ಹಂಗಾರೆ ಮೇಸ್ತ್ರಿ. ಅಂಚಿನ ಮೇಲೆ ಕೊಡೆ ಹಿಡ್ಕಂಡು ನೋಡೂದು."

ಸಾಲೆಲ್ಲ ನಕ್ಕಿತು. ವಿನುತಾಳೂ ನಕ್ಕಳು.

ಅವಳ ಕೆಲಸದಲ್ಲಿ ಮೊದಲು ಬರುವುದು ದನಿ. ಆಮೇಲೆ ಪೆನ್ಸಿಲಿನ ಬೂದು ಗೆರೆಗಳು, ಬಣ್ಣ ಎಲ್ಲಕ್ಕಿಂತ ಕಡೆಗೆ. ಈಗ ಕೆಲಸ ನಿಂತಿರುವ ಸಿನಿಮಾದಲ್ಲಿ ಅವಳು ಹಟ ಹಿಡಿದು ಉಳಿಸಿಕೊಂಡದ್ದು ಒಂದು ಜಾಗ. ಗದ್ದೆಯಲ್ಲಿ ಬಗ್ಗಿದ ಅಜ್ಜಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾಳೆ, ಸುಮ್ಮನೆ ನಿಲ್ಲುತ್ತಾಳೆ. ಮಾತಿಲ್ಲ. ಚಿಕ್ಕವಳಿದ್ದಾಗ ಗಂಜಿಯ ತಪ್ಪಲೆ ಇಟ್ಟುಕೊಂಡು ಇದೇ ಅಂಚಿನಲ್ಲಿ ಕೂತಿರುತ್ತಿದ್ದ ವಿನುತಾ ಕಾಯುತ್ತಿದ್ದದ್ದು ಅದಕ್ಕೇ: ಒಂದು ಹಾಡು ಮುಗಿದು ಇನ್ನೊಂದು ಏಳುವ ಮೊದಲು ಅಮ್ಮ ಹಾಗೆ ನಿಲ್ಲುತ್ತಿದ್ದಳು, ನಿಂತಾಗ ಮಗಳ ಕಡೆ ಒಮ್ಮೆ ನೋಡುತ್ತಿದ್ದಳು.

ಕೊಪ್ಪೆಯೊಳಗೆ ಫೋನು ಅದುರಿತು. ನಿರ್ಮಾಪಕರ ಮ್ಯಾನೇಜರ್ ಅನಂತಮೂರ್ತಿ. ಕುಮಟೆಯವನಾದ್ದರಿಂದ ಸಲಿಗೆ ಹೆಚ್ಚು.

"ವಿನುತಕ್ಕಾ, ಸಿನಿಮಾ ಸ್ವಲ್ಪ ಉದ್ದ ಆಗಿದೆ. ಲ್ಯಾಪ್‌ಟಾಪ್ ಅಲ್ಲೇ ಉಂಟಲ್ಲ, ನೀವೇ ಕೂತು ಕತ್ತರಿಸಿಕೊಡಿ. ಯೂನಿಯನ್ನಿಗೆ ಗೊತ್ತಾಗೂದಿಲ್ಲ. ಇಲ್ಲದಿದ್ರೆ ಹೊರಗಿನವ ಬಂದು ಕೂರ್ತಾನೆ. ಅಂವ ಮೊದ್ಲು ತೆಗೆಯೂದೇ ನಿಮ್ಮ ಅಜ್ಜಿನ."

ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟ ವಿನುತಾ ಸಸಿ ಊರದೆ ನಿಂತೇ ಇದ್ದಳು.

"ಎಂತ ಆತು?" ದುರ್ಗಿ ಕೇಳಿದಳು. ವಿನುತಾ ಹೇಳಿದಳು.

"ಅಲ್ಲ, ಕೆಲ್ಸ ನಿಲ್ಸಿದ್ದು ಎಂತಕೆ?"

"ಚಿತ್ರ ಬರೆಯೂ ಹುಡುಗೀರಿಗೆ ವಾರದ ರಜೆಯೂ ಇಲ್ಲ, ಚಿಕ್ಕಿ. ಒಬ್ಳು ಕೂತಲ್ಲೇ ಬಿದ್ಲು. ರಜೆ ಕೊಡೂವರೆಗೆ ಯಾರೂ ಕೆಲ್ಸ ಮುಟ್ಟೂದಿಲ್ಲ ಅಂತ."

"ನಿಂಗೆ ರಜೆ ಇತ್ತ?"

"ನಂಗೆ ಇತ್ತು."

"ಹಂಗಾರೆ ನೀ ಕೆಲ್ಸ ಬಿಟ್ಟು ಕೂತದ್ದು ಅವಳ ಪಾಲಿನ ಮುಯ್ಯಾಳಾಗಿ," ಎಂದು ದುರ್ಗಿ ಮುಂದಿನ ಸಸಿ ಊರಿದಳು. "ಮಧ್ಯ ಎದ್ದು ಹೋಗೂದಾದ್ರೆ ಹೋಗು. ನಾ ಎಂತ ಹೇಳೂದು?"

ವಿನುತಾ ಕೆಸರಿನ ಕೈಯನ್ನು ಸೀರೆಗೆ ಒರೆಸಿಕೊಂಡು ತಾನೇ ಫೋನು ಹಚ್ಚಿದಳು. "ಆಗೂದಿಲ್ಲ, ಅನಂತಮೂರ್ತಿ. ಯಾರು ಕೂತ್ಕಂಡ್ರೂ ಕೂತ್ಕಳ್ಳಿ." ಫೋನು ಆರಿಸಿ ಒಳಗಿಟ್ಟಳು.

ಸುಕ್ರಿ ಎತ್ತಿದ ಹಾಡು ಮುಗಿಯಿತು. ದುರ್ಗಿ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. ವಿನುತಾಳೂ ನೆಟ್ಟಗಾದಳು, ಕಣ್ಣು ತನ್ನಷ್ಟಕ್ಕೆ ಅಂಚಿನ ಕಡೆ ಹೋಯಿತು. ಅಲ್ಲಿ ಸಸಿಯ ಕಟ್ಟುಗಳು ಮಾತ್ರ ಇದ್ದವು. ಗದ್ದೆಯಿಂದ ಗದ್ದೆಗೆ ನೀರು ಇಳಿಯುವ ಸದ್ದು ಕೇಳಿತು. ಆಮೇಲೆ ಇನ್ನೊಂದು ಹಾಡು ಎದ್ದಿತು.

ಸಂಜೆ ದುರ್ಗಿ ಅಂಚಿನಲ್ಲಿ ನಿಂತು ವಿನುತಾಳ ಸಾಲನ್ನು ನೋಡಿದಳು. "ಎಮ್ಮೆ ನಡೆದ ಹಂಗೆ ಉಂಟು."

"ಅಮ್ಮನ ಮುಯ್ಯಿ ತೀರ್ತಾ, ಚಿಕ್ಕಿ?"

"ಇದಾ? ಅರ್ಧ ಆಳಿನ ಕೆಲ್ಸ ಇದು. ಉಳಿದರ್ಧಕ್ಕೆ ಬಪ್ಪ ವರ್ಷ ಬಾ," ಎಂದ ದುರ್ಗಿ, ವಿನುತಾಳ ಬೆನ್ನಿಂದ ಕೊಪ್ಪೆ ತೆಗೆದು ನೀರು ಕೊಡವಿದಳು. "ಎಲ್ಲ ಒಂದೇ ಸಲ ತೀರ್ಸ್ಕಂಡು ಎಲ್ಲಿಗೆ ಹೋತೆ?"