ಕೆಂಪು ಮಾತ್ರ ಇರುವ ಏಳು ಮರಗಳು

ನಮ್ಮೂರು ಆನ್ಸ್ ಮೊರೆಲ್‌ನ ಕಡಲದಂಡೆಯಲ್ಲಿ ಮಂಚಿನೀಲ್ ಮರಗಳು ಏಳೇ ಏಳು. ಊರಿನ ಮಕ್ಕಳು ಈಜು ಕಲಿಯುವ ಮೊದಲೇ ಅವುಗಳಿಂದ ದೂರ ಇರುವುದನ್ನು ಕಲಿಯುತ್ತಾರೆ. ಎಲೆ ಮುರಿದರೆ ಬರುವ ಹಾಲು ತಗುಲಿದ ಕಡೆ ಬೊಬ್ಬೆ ಏಳುತ್ತದೆ. ಮಳೆಯಲ್ಲಿ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿಗೇ ಕಣ್ಣು ಉರಿದು ಎರಡು ದಿನ ತೆರೆಯುವುದಿಲ್ಲ. ಹಣ್ಣು ಚಿಕ್ಕದು, ಹಳದಿ ಬೆರೆತ ಹಸಿರು, ಒಳ್ಳೆಯ ಪರಿಮಳ. ಎಲ್ಲಕ್ಕಿಂತ ಅಪಾಯ ಅದರದೇ. ಕಡಿದು ಹಾಕೋಣವೆಂದರೆ ದಂಡೆಯ ಮರಳನ್ನು ಹಿಡಿದು ನಿಲ್ಲಿಸಿರುವುದೇ ಅವುಗಳ ಬೇರು. ಹಾಗಾಗಿ ಪ್ರತಿ ಡಿಸೆಂಬರಿನಲ್ಲಿ, ಪ್ರವಾಸಿಗಳು ಬರುವ ಮೊದಲು, ಏಳೂ ಕಾಂಡಗಳಿಗೆ ಎದೆಮಟ್ಟದಲ್ಲಿ ಗೇಣಗಲದ ಕೆಂಪು ಪಟ್ಟಿ ಬಳಿಯುತ್ತಿದ್ದೆ. ಯಾರೂ ಹೇಳಿದ ಕೆಲಸವಲ್ಲ. ನಾನು ಸಸ್ಯಶಾಸ್ತ್ರ ಓದಿದವಳು, ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು, ಈಗ ನಾಲ್ಕು ಕೋಣೆಗಳ ಅತಿಥಿಗೃಹ ನಡೆಸುವವಳು. ನನ್ನ ಮನೆಗೆ ಬಂದವರು ಬಂದ ಹಾಗೆಯೇ ಹಿಂತಿರುಗಬೇಕು ಎನ್ನುವುದು ನನ್ನ ಹಟ.

ಫೆಬ್ರವರಿ ಏಳು ಗ್ರೆನಾಡಾದ ಸ್ವಾತಂತ್ರ್ಯ ದಿನ. ಅದಕ್ಕೆ ಎರಡು ವಾರ ಮೊದಲೇ ಊರೂರಿಗೆ ಬಣ್ಣದ ಹುಚ್ಚು ಹಿಡಿಯುತ್ತದೆ. ರಸ್ತೆ ಬದಿಯ ಕಲ್ಲು, ಮೋರಿಯ ಕಟ್ಟೆ, ದೀಪದ ಕಂಬ, ಹಳೆಯ ಟೈರು, ಎಲ್ಲಕ್ಕೂ ಕೆಂಪು, ಹಳದಿ, ಹಸಿರು. ಚೆಂದದ ಊರಿಗೆ ಬಹುಮಾನವೂ ಉಂಟು. ಹನ್ನೊಂದು ವರ್ಷ ಅದು ಆಚೆ ಕೊಲ್ಲಿಯವರ ಪಾಲಾಗಿತ್ತು. ಈ ಸಲ ನಮ್ಮ ಅಲಂಕಾರದ ಮುಂದಾಳು ಲಾಲಿ, ನನ್ನ ಚಿಕ್ಕಮ್ಮನ ಮಗಳು. ಸೋಲುವುದು ಅವಳಿಗೆ ಗೊತ್ತಿಲ್ಲ.

ಮಂಗಳವಾರ ಸಂಜೆ ದಂಡೆಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ತೆಂಗು, ಕಾಡುಬಾದಾಮಿ, ಕಡಲದ್ರಾಕ್ಷಿ, ಒಂದನ್ನೂ ಬಿಡದೆ ಉಳಿದ ಎಲ್ಲ ಮರಗಳ ಎದೆಗೂ ಮೂರು ಪಟ್ಟಿ ಬಂದಿದ್ದವು. ಮೇಲಿನದು ಕೆಂಪು.

"ಲಾಲಿ, ಇದೇನು ಮಾಡಿಟ್ಟಿದ್ದೀಯ?"

"ಕಣ್ಣು ಕಾಣ್ತಿಲ್ವಾ ಟೀಚರಮ್ಮ? ಚೆಂದ ಮಾಡಿಟ್ಟಿದ್ದೀನಿ."

"ಎಲ್ಲದಕ್ಕೂ ಕೆಂಪು ಬಳಿದ್ರೆ ನನ್ನ ಏಳು ಮರ ಗುರುತು ಹಿಡಿಯೋದು ಹೇಗೆ?"

"ಯಾರು ಹಿಡೀಬೇಕು? ನಮ್ಮೂರ ಮೇಕೆಗೂ ಗೊತ್ತು ಅದು ಮಂಚಿನೀಲ್ ಅಂತ."

"ಮೇಕೆಗಳು ನನ್ನ ಮನೇಲಿ ರೂಮ್ ಹಿಡಿಯಲ್ಲ."

ಪಕ್ಕದಲ್ಲಿ ಕುಂಚ ತೊಳೆಯುತ್ತಿದ್ದ ಟೈಟಸ್ ನಕ್ಕು, ಬಕೆಟ್ ಎತ್ತಿಕೊಂಡು ಮನೆಯತ್ತ ಹೊರಟ. ಎಪ್ಪತ್ತು ದಾಟಿದ ಮೀನುಗಾರ; ದೋಣಿ ಮಾರಿದ ಮೇಲೆ ಊರಿನ ಯಾವ ಕೆಲಸಕ್ಕೆ ಕರೆದರೂ ಮೊದಲು ಬಂದು ನಿಲ್ಲುವವನು.

"ನೋಡು ವರ್ಲಿನ್," ಎಂದು ಲಾಲಿ ನನ್ನ ತೋಳು ಹಿಡಿದಳು. "ನಿನ್ನ ಏಳನ್ನ ನಾವು ಮುಟ್ಟಿಲ್ಲ. ಅವಕ್ಕೆ ಬರೀ ಕೆಂಪು. ನಮ್ಮವಕ್ಕೆ ಮೂರು ಬಣ್ಣ. ಶುಕ್ರವಾರ ಜಡ್ಜ್‌ಗಳು ಬಂದು ಹೋಗ್ಲಿ. ಶನಿವಾರ ನಿನ್ನ ಮರಕ್ಕೆ ತಲೆಬುರುಡೆ ಬೇಕಾದ್ರೂ ಬರಿ, ನಾನೇ ಬಕೆಟ್ ಹಿಡೀತೀನಿ."

ಎಲ್ಲ ಮರಗಳ ಮೇಲೂ ಇರುವ ಗುರುತು ಗುರುತೇ ಅಲ್ಲ. ಅದು ನನಗೆ ಗೊತ್ತಿತ್ತು. ಆದರೆ ಲಾಲಿ ಹೇಳಿದ್ದರಲ್ಲಿ ಹುರುಳಿತ್ತು: ವ್ಯತ್ಯಾಸ ಇನ್ನೂ ಉಳಿದಿತ್ತು. ಮೂರು ದಿನದ ಮಾತು. ಮನೆಯಲ್ಲಿ ಇದ್ದದ್ದು ಇಬ್ಬರೇ ಅತಿಥಿಗಳು. ಕೂರಿಸಿಕೊಂಡು ಹೇಳಿದರಾಯಿತು ಎಂದು ಒಪ್ಪಿಕೊಂಡೆ.

ಅತಿಥಿಗಳು ಗಾರ್ಸೈಡ್ ದಂಪತಿ, ಇಂಗ್ಲೆಂಡಿನವರು. ಗಂಡ ಲೆನ್ ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸಿಗ್ನಲ್‌ಮನ್ ಆಗಿದ್ದವರು. ಹೆಂಡತಿ ವಿನಿಫ್ರೆಡ್‌ಗೆ ಮೊಣಕಾಲು ನೋವು. ಹಗಲೆಲ್ಲ ಜಗುಲಿಯಲ್ಲಿ ಕುಳಿತು ಪೆಲಿಕನ್ ಹಕ್ಕಿಗಳು ನೀರಿಗೆ ಧುಮುಕುವುದನ್ನು ನೋಡುತ್ತಿದ್ದರು. ಗಂಡ ನನ್ನಂಥದ್ದೇ ಜಾತಿ. ಅಲೆಯ ಸೆಳೆತ ಯಾವ ಹೊತ್ತಿಗೆ ಹೆಚ್ಚು, ನಲ್ಲಿ ನೀರು ಕುಡಿಯಬಹುದೇ, ಮುಳ್ಳುಹಂದಿಯಂತಿರುವ ಆ ಕಡಲಪ್ರಾಣಿಯ ಮುಳ್ಳು ಚುಚ್ಚಿದರೆ ಏನು ಮಾಡಬೇಕು, ಎಲ್ಲವನ್ನೂ ಕೇಳಿ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇಷ್ಟು ಚೆನ್ನಾಗಿ ಕೇಳುವ ಅತಿಥಿ ನನಗೆ ಹಿಂದೆ ಸಿಕ್ಕಿರಲಿಲ್ಲ.

ಅಂದು ರಾತ್ರಿಯೂಟದ ಮೇಜಿನಲ್ಲಿ ನಾನು ಒಂದೊಂದೇ ಪದ ಬಿಡಿಸಿ ಹೇಳಿದೆ. "ದಂಡೇಲಿ ಎರಡು ಥರದ ಮರ ಕಾಣುತ್ತೆ. ಮೂರು ಬಣ್ಣ ಇರೋದು ಹಬ್ಬದ ಅಲಂಕಾರ, ಏನೂ ತೊಂದರೆ ಇಲ್ಲ. ಕೆಂಪು ಮಾತ್ರ ಇರೋದು ವಿಷದ ಮರ. ಅದರ ಹತ್ತಿರ ಹೋಗ್ಬೇಡಿ, ನೆರಳಿಗೂ ನಿಲ್ಬೇಡಿ."

"ಕೆಂಪು ಅಂದ್ರೆ ಏನು ಅಂತ ನನಗೆ ಹೇಳಿಕೊಡ್ಬೇಕಿಲ್ಲಮ್ಮ," ಎಂದು ಗಾರ್ಸೈಡ್ ನಕ್ಕು, ಬರೆದುಕೊಂಡು, ಬರೆದದ್ದನ್ನು ನನಗೆ ಓದಿ ಹೇಳಿದರು. "ಕೆಂಪು ಮಾತ್ರ: ನಿಲ್ಲು. ಮೂರು ಬಣ್ಣ: ಹೋಗಬಹುದು. ಸರಿನಾ?"

"ಸರಿ," ಎಂದೆ.

"ರೈಲು ಬಿಟ್ಟು ಏಳು ವರ್ಷ ಆಯ್ತು," ಎಂದರು ವಿನಿಫ್ರೆಡ್, "ಇವರಿನ್ನೂ ಹಳಿ ಬಿಟ್ಟಿಲ್ಲ."

ಬುಧವಾರ, ಗುರುವಾರ ಬೆಳಗ್ಗೆ ನಾನು ಎಂದಿನಂತೆ ದಂಡೆಯುದ್ದಕ್ಕೂ ನಡೆದು ಬಂದೆ. ನನ್ನ ಏಳೂ ಮರಗಳು ಹಾಗೆಯೇ ಇದ್ದವು. ಶುಕ್ರವಾರ ಹೋಗಲಿಲ್ಲ. ತೀರ್ಪುಗಾರರ ಊಟಕ್ಕೆ ನಮ್ಮ ಹಬ್ಬದಡುಗೆ ಆಯಿಲ್‌ಡೌನ್ ಬೇಯಿಸುವ ಸರದಿ ನಮ್ಮ ಬೀದಿಯದು. ಬೆಳಗ್ಗೆ ಆರರಿಂದ ದೀವಿಹಲಸು ಹೆಚ್ಚುತ್ತ, ತೆಂಗಿನ ಹಾಲು ಹಿಂಡುತ್ತ ಕುಳಿತಿದ್ದೆ. ಗಾರ್ಸೈಡ್ ತಿಂಡಿಗೆ ಬಂದು ನಾಲ್ಕು ಸೀಬೆಹಣ್ಣು ತಿಂದರು. ನಮ್ಮ ಹಿತ್ತಲಿನ ಸಣ್ಣ ಸೀಬೆ ಅವರಿಗೆ ತುಂಬ ಹಿಡಿಸಿತ್ತು. ಟೋಪಿ ಹಾಕಿಕೊಂಡು ಹೊರಟರು.

ಹಿಂತಿರುಗಿದ್ದು ಇಪ್ಪತ್ತು ನಿಮಿಷದಲ್ಲಿ. ಅಡಿಗೆಮನೆಯ ಬಾಗಿಲಲ್ಲಿ ಒಂದು ಕೈಯಿಂದ ಗಂಟಲು ಹಿಡಿದು ನಿಂತಿದ್ದರು.

"ಮೆಣಸಿನಕಾಯಿ ತಿಂದ ಹಾಗೆ ಆಗ್ತಿದೆ," ಎಂದರು. "ನೀರು ಕೊಡ್ತೀರಾ?"

ಇನ್ನೊಂದು ಕೈಯಲ್ಲಿ ಕರವಸ್ತ್ರ. ಅದರಲ್ಲಿ ಅರ್ಧ ಕಚ್ಚಿದ ಹಣ್ಣು. ಪರಿಮಳ ನನಗೆ ಅಲ್ಲಿಗೇ ಬಂತು.

"ಎಷ್ಟು ತಿಂದ್ರಿ?"

"ಒಂದೂವರೆ. ಸೀಬೆ ಅಂದ್ಕೊಂಡೆ. ಮೊದಲು ಸಿಹಿ ಇತ್ತು."

"ಯಾವ ಮರದ್ದು? ಕೆಂಪು ಪಟ್ಟಿಯದ್ದಾ?"

ಅವರು ತಲೆ ಅಲ್ಲಾಡಿಸಿದರು. "ಮೂರು ಬಣ್ಣದ್ದು. ಸರಿಯಾಗಿ ನೋಡಿಯೇ ತಗೊಂಡೆ."

ಈ ವಿಷದ ಮೋಸವೇ ಅದು. ನಾಲಿಗೆ ಮೊದಲು ಒಪ್ಪಿಕೊಳ್ಳುತ್ತದೆ. ಉರಿ ಬರುವ ಹೊತ್ತಿಗೆ ನುಂಗಿ ಆಗಿರುತ್ತದೆ. ಊತ ಅದಕ್ಕೂ ಆಮೇಲೆ. ಹಾಲು ಕುಡಿಸಿದೆ. ಎರಡನೆಯ ಗುಟುಕು ಇಳಿಯದೆ ತುಟಿಯಿಂದ ಹೊರಬಂತು. ಪಕ್ಕದ ಮನೆಯವನ ವ್ಯಾನಿನಲ್ಲಿ ಅವರನ್ನೂ ವಿನಿಫ್ರೆಡ್‌ರನ್ನೂ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರಟೆ. ಮೂರು ಮೈಲಿ. ಊರ ತಿರುವಿನಲ್ಲಿ ರಸ್ತೆ ತುಂಬಿತ್ತು. ತೀರ್ಪುಗಾರರ ಕಾರುಗಳು, ಡೋಲು, ಬಾವುಟ ಹಿಡಿದ ಶಾಲೆಯ ಸಾಲು.

ಲಾಲಿ ಮುಂದೆ ನಿಂತಿದ್ದಳು, ಹೆಗಲಿಗೆ ಮೂರು ಬಣ್ಣದ ಪಟ್ಟಿ. ವ್ಯಾನಿನ ಹಾರ್ನ್ ಕೇಳಿ ಬೈಯಲು ಬಂದವಳು ಕಿಟಕಿಯೊಳಗೆ ನೋಡಿದಳು.

"ಮಂಚಿನೀಲ್," ಎಂದೆ. ಅಷ್ಟೇ ಹೇಳಿದ್ದು.

ಅವಳು ತಿರುಗಿ ಡೋಲಿನವರನ್ನು ಎರಡೂ ಕೈಯಿಂದ ಮೋರಿಗೆ ತಳ್ಳಿದಳು. "ಸರೀರೋ! ಕಿವಿ ಸತ್ತಿದೆಯೇನ್ರೋ! ಕಾರು ಹಿಂದಕ್ಕೆ ತೆಗೀರಿ, ಜಡ್ಜ್ ಆದ್ರೇನು, ಗವರ್ನರ್ ಆದ್ರೇನು!" ದಾರಿ ಬಿಡಿಸಲು ಏಳು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡುತ್ತಿದ್ದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ವಿನಿಫ್ರೆಡ್ ಗಂಡನ ಅಂಗಿಯ ಗುಂಡಿ ಬಿಚ್ಚಿ, "ನಿಧಾನ ಲೆನ್, ನಿಧಾನಕ್ಕೆ ಉಸಿರಾಡಿ," ಎನ್ನುತ್ತಿದ್ದರು. ಉಸಿರು ಸೀಳು ಕೊಳಲಿನಂತೆ ಸದ್ದು ಮಾಡುತ್ತಿತ್ತು. ಆರೋಗ್ಯ ಕೇಂದ್ರದ ಗೇಟು ಕಾಣುವಾಗ ಆ ಸದ್ದು ನಿಂತಿತು. ನರ್ಸ್ ಅರ್ಧ ಗಂಟೆ ಹೆಣಗಿದಳು. ಒಂದು ಕಚ್ಚು ಕಚ್ಚಿದವರು ಬದುಕುತ್ತಾರೆ, ಇವರದ್ದು ಹೆಚ್ಚಾಯಿತು ಎಂದು ಕೊನೆಗೆ ನನಗೆ ಮೆಲ್ಲಗೆ ಹೇಳಿದಳು.

ಮಧ್ಯಾಹ್ನ ದಂಡೆಗೆ ಹೋಗಿ ನೋಡಿದೆ. ಏಳೂ ಮರಗಳಲ್ಲಿ ನನ್ನ ಕೆಂಪಿನ ಕೆಳಗೆ ಹಳದಿ, ಅದರ ಕೆಳಗೆ ಹಸಿರು. ಅಂಚು ನೇರವಾಗಿ, ಒಂದು ಹನಿಯೂ ಇಳಿಯದಂತೆ ಬಳಿದಿತ್ತು.

ಮನೆಗೆ ಬಂದರೆ ಮೆಟ್ಟಿಲ ಮೇಲೆ ಟೈಟಸ್ ಕುಳಿತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು. ಮುಂಗೈಯಲ್ಲಿ ಬೊಬ್ಬೆಗಳು.

"ನಿನ್ನವು ಅರ್ಧ ಬಟ್ಟೆ ಹಾಕ್ಕೊಂಡ ಹಾಗೆ ಕಾಣ್ತಿದ್ವು ಟೀಚರ್," ಎಂದ. "ಎಲ್ಲ ಮರಾನೂ ಸಿಂಗಾರ ಆಗಿ ಇವು ಮಾತ್ರ... ನಿನಗೆ ಕೆಲಸ ಜಾಸ್ತಿ ಇದೆ ಅಂತ, ನಿನ್ನ ಕೆಂಪು ಹಾಗೇ ಬಿಟ್ಟು, ಬೆಳಕು ಹರಿಯೋ ಮೊದಲು ನಾನೇ ಮುಗಿಸಿದೆ. ನಿನಗೆ ಖುಷಿ ಆಗುತ್ತೆ ಅಂದ್ಕೊಂಡೆ."

ನನ್ನ ಅತಿಥಿಗೆ ನಾನು ಏನು ಹೇಳಿದ್ದೆನೆಂದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ವ್ಯತ್ಯಾಸವನ್ನು ಇಟ್ಟುಕೊಂಡದ್ದು ನಾನು. ಅದನ್ನು ಕಾಯಬೇಕೆಂದು ಊರಿಗೆ ತಿಳಿಸಲಿಲ್ಲ. ಆ ಶುಕ್ರವಾರ ಹೋಗಿ ನೋಡಲೂ ಇಲ್ಲ.

ನಾನು ಒಳಗೆ ಹೋದಾಗ ಲಾಲಿ ಹಿಂಬಾಗಿಲಿನಿಂದ ಬಂದಳು. ಹೆಗಲ ಪಟ್ಟಿ ತೆಗೆದಿದ್ದಳು. "ಪೊಲೀಸರು ಸಂಜೆ ಬರ್ತಾರೆ," ಎಂದಳು. "ಮುದುಕನ ಹೆಸರು ಎತ್ತಬೇಡ ವರ್ಲಿನ್. ಈ ವಯಸ್ಸಲ್ಲಿ ಅವನು ತಡೆಯಲ್ಲ. ಆ ಮರದ ಹತ್ತಿರ ಹೋಗ್ಬೇಡಿ ಅಂತ ಹೇಳಿದ್ದೆ, ಅವರು ಕೇಳ್ಲಿಲ್ಲ ಅಂದುಬಿಡು. ಟೂರಿಸ್ಟ್‌ಗಳು ಯಾವಾಗ ಕೇಳ್ತಾರೆ? ಎಲ್ರೂ ನಂಬ್ತಾರೆ."

ಎಲ್ಲರೂ ನಂಬುತ್ತಿದ್ದರು. ಅದೇ ಕಷ್ಟ. ಮಾತು ಕೇಳದ ಪ್ರವಾಸಿಗಳ ಕಥೆ ನಮ್ಮ ಮನೆಮನೆಯಲ್ಲೂ ಇದೆ. ಅವುಗಳಲ್ಲಿ ಅರ್ಧವನ್ನು ನಾನೇ ಹೇಳಿ ನಗಿಸಿದ್ದೇನೆ.

ಆಗ ಕೋಣೆಯಿಂದ ವಿನಿಫ್ರೆಡ್ ಊರುಗೋಲು ಹಿಡಿದು ಬಂದರು. ಕೈಯಲ್ಲಿ ಗಂಡನ ಪುಟ್ಟ ಪುಸ್ತಕ. ಲಾಲಿ ಗೋಡೆಗೆ ಸರಿದಳು.

"ನಾನು ಒಂದೇ ಮಾತು ಕೇಳ್ತೀನಿ," ಎಂದರು. "ಮೂವತ್ತನಾಲ್ಕು ವರ್ಷದಲ್ಲಿ ಇವರು ಒಂದು ಸಿಗ್ನಲ್ಲೂ ತಪ್ಪು ಓದ್ಲಿಲ್ಲ. ಇಲ್ಲಿ ಬರೆದಿದೆ ನೋಡಿ. ಇವರು ತಪ್ಪಾಗಿ ಬರ್ಕೊಂಡ್ರಾ? ಅಥವಾ ಬರೆದದ್ದನ್ನ ತಪ್ಪಾಗಿ ಓದಿದ್ರಾ? ಅಷ್ಟು ಹೇಳಿ. ಮನೆಗೆ ಹೋದ ಮೇಲೆ ನಾನು ಅದನ್ನೇ ಯೋಚಿಸ್ತಾ ಕೂತಿರ್ತೀನಿ."

ಪುಟದ ಮೇಲೆ ಅವರ ಅಚ್ಚಿನಂಥ ಅಕ್ಷರ. ಕೆಂಪು ಮಾತ್ರ: ನಿಲ್ಲು. ಮೂರು ಬಣ್ಣ: ಹೋಗಬಹುದು. ಕೆಳಗೆ ನನ್ನ ಹೆಸರು, ತಾರೀಖು.

ಲಾಲಿ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಟೈಟಸ್‌ನ ಬೆನ್ನು ಕಾಣುತ್ತಿತ್ತು.

"ಇಲ್ಲ," ಎಂದೆ. "ಸರಿಯಾಗೇ ಬರ್ಕೊಂಡ್ರು. ಸರಿಯಾಗೇ ಓದಿದ್ರು. ಮರದ ಮೇಲಿನ ಗುರುತು ಬದಲಾಗಿತ್ತು. ನಾನು ಹೋಗಿ ನೋಡ್ಲಿಲ್ಲ."

ನಂತರ ಎಲ್ಲವನ್ನೂ ಮಂಗಳವಾರದಿಂದ ಹಿಡಿದು ಹೇಳಿದೆ. ಟೈಟಸ್‌ನ ಹೆಸರು ಬಂದಾಗ ಲಾಲಿ ಮುಖ ಮುಚ್ಚಿಕೊಂಡಳು. ಅವನು ತಾನೇ ಎದ್ದು ಬಾಗಿಲಿಗೆ ಬಂದು, ಟೋಪಿ ತೆಗೆದು, ಬೊಬ್ಬೆ ಎದ್ದ ಕೈಗಳನ್ನು ಮುಂದೆ ಜೋತುಬಿಟ್ಟು ನಿಂತ. ವಿನಿಫ್ರೆಡ್ ಅವನ ಕೈಗಳನ್ನು ಬಹಳ ಹೊತ್ತು ನೋಡಿದರು. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಸಂಜೆ ಪೊಲೀಸರಿಗೂ ನಾನು ಇದನ್ನೇ ಇದೇ ಕ್ರಮದಲ್ಲಿ ಬರೆದುಕೊಟ್ಟೆ.

ಮರುದಿನ ಬೆಳಗ್ಗೆ, ಹೊರಡುವ ಮೊದಲು, ವಿನಿಫ್ರೆಡ್ ಆ ಮರ ತೋರಿಸಿ ಎಂದರು. ದಂಡೆಗೆ ಹೋದೆವು. ಟೈಟಸ್ ಮತ್ತು ಲಾಲಿ ಆಗಲೇ ಅಲ್ಲಿದ್ದರು; ಊರಿನ ತೆಂಗುಗಳ ಬಣ್ಣವನ್ನೆಲ್ಲ ಕೆರೆಯುತ್ತಿದ್ದರು. ಮೂರನೆಯ ಮಂಚಿನೀಲಿನ ಕೆಳಗೆ ಗಾರ್ಸೈಡರ ಹೆಜ್ಜೆಗಳು ಒಣಮರಳಿನಲ್ಲಿ ಇನ್ನೂ ಉಳಿದಿದ್ದವು.

ವಿನಿಫ್ರೆಡ್ ದೂರದಲ್ಲೇ ನಿಂತರು. "ಎಷ್ಟು ಹತ್ತಿರ ಹೋಗಬಹುದು?" ಎಂದು ಕೇಳಿದರು.

ಇಷ್ಟು ಅಡಿ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ನಾನೇ ಮುಂದೆ ನಡೆದು, ಕೊಂಬೆಗಳ ನೆರಳಿನ ಅಂಚಿನಿಂದ ಈಚೆಗೆ ಒಂದು ಜಾಗ ಹುಡುಕಿ, ಮೇಲೆ ನೋಡಿ, ಕೆಳಗೆ ನೋಡಿ, ಅಲ್ಲಿ ನಿಂತು, ಅವರತ್ತ ಕೈ ಚಾಚಿದೆ.