ಹಳದಿ ಗೂಡು

ಮೂರು ದಿನ ಶಿಡ್ಲಘಟ್ಟದ ಮೇಲೆ ಕವುಚಿಕೊಂಡಿದ್ದ ಮಂಜು ಆ ಬೆಳಿಗ್ಗೆ ಹರಿದು, ಎಳೆಬಿಸಿಲು ಜಗಲಿಗೆ ಬಂದಿತ್ತು. ಅಮ್ಮಾಜಮ್ಮ ಆ ಬೆಳಕಿನಲ್ಲಿ ನೂಲು ತೆಗೆಯಲು ಮಾರ್ಕೆಟ್ಟಿನಿಂದ ತಂದ ರೇಷ್ಮೆಗೂಡು ಆರಿಸುತ್ತಿದ್ದಳು. ಕಲೆಬಿದ್ದದ್ದು ಒಂದು ಕಡೆ, ತೂತಾದದ್ದು ಇನ್ನೊಂದು ಕಡೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಗಂಡ ಆವುಲಪ್ಪ ಗೋಡೆಗೊರಗಿ ಕೂತಿದ್ದ. ಟಿ.ಬಿ. ಮಾತ್ರೆ ಶುರುವಾಗಿ ಆರು ವಾರ. ಕೆಮ್ಮೇನೋ ಅಡಗಿತ್ತು, ನಾಲ್ಕು ದಿನದಿಂದ ಅನ್ನ ಸೇರುತ್ತಿರಲಿಲ್ಲ, ಬರೀ ವಾಂತಿ.

ದಿನ ಬಿಟ್ಟು ದಿನ ಎದುರಿಗೇ ಮಾತ್ರೆ ನುಂಗಿಸುವ ಅಂಗನವಾಡಿಯ ವರಲಕ್ಷ್ಮಮ್ಮ, ಅವನ ಹೆಸರು ಬರೆದ ಡಬ್ಬಿ ಹಿಡಿದು ಬಂದರು.

“ಟೀಚರಮ್ಮ, ಉಚ್ಚೆ ಡಿಕಾಕ್ಷನ್ ಹಂಗೆ ಬರ್ತೈತೆ,” ಎಂದ ಆವುಲಪ್ಪ.

“ಈ ಮಾತ್ರೆಗೆ ಕೆಂಪಗೆ ಬರ್ತದೆ, ಹೆದರ್ಬೇಡಿ ಅಂತ ಮೊದ್ಲೇ ಹೇಳಿದ್ನಲ್ಲಪ್ಪ. ತಗೊಳ್ಳಿ. ತಪ್ಪಿಸಿದ್ರೆ ರೋಗ ತಿರುಗಿ ಬೀಳ್ತದೆ.”

ಅವನು ಮಾತ್ರೆ ಹಿಡಿದು ಮುಖವೆತ್ತಿದ. ಬಿಸಿಲು ಕಣ್ಣಿಗೆ ಬಿತ್ತು. ಅಮ್ಮಾಜಮ್ಮ ದಡಕ್ಕನೆ ಎದ್ದುಬಂದು ಅವನ ಕೈ ತಡೆದು, ತೂತಿಲ್ಲದ ಒಂದು ಹಳದಿ ಗೂಡನ್ನು ಕಣ್ಣಿನ ಪಕ್ಕಕ್ಕೆ ಹಿಡಿದಳು.

“ಏನೇ, ನನ್ನೂ ಗೂಡಿನಂಗೆ ಆರಿಸ್ತೀಯಾ?”

“ಸುಮ್ಕಿರಿ. ಟೀಚರಮ್ಮ, ಇಪ್ಪತ್ತು ವರ್ಷದಿಂದ ಬಣ್ಣ ನೋಡೇ ಅನ್ನ ತಿಂತಿದೀನಿ. ಕಣ್ಣೂ ಗೂಡೂ ಒಂದೇ ಬಣ್ಣ. ಇವತ್ತು ನುಂಗ್ಸಾಕೆ ಬಿಡಲ್ಲ.”

“ನಿನ್ನ ಮಾತು ಕೇಳಿ ನಿಲ್ಸಿ, ನಾಳೆ ಹೆಚ್ಚುಕಮ್ಮಿ ಆದ್ರೆ?” ಎನ್ನುತ್ತಲೇ ವರಲಕ್ಷ್ಮಮ್ಮ ಬಗ್ಗಿ ನೋಡಿದರು. “ಅಯ್ಯೋ ದೇವುಡಾ!” ಮಾತ್ರೆಯ ಜೊತೆಗೆ ಆ ಗೂಡನ್ನೂ ಡಬ್ಬಿಗೆ ಹಾಕಿಕೊಂಡು, “ನಡೀರಿ ಆಸ್ಪತ್ರೆಗೆ,” ಎಂದರು.

ರಕ್ತ ಪರೀಕ್ಷೆ ನೋಡಿ ಡಾಕ್ಟರು ಎಲ್ಲ ಮಾತ್ರೆ ನಿಲ್ಲಿಸಿದರು. “ಕಾಮಾಲೆ. ಮಾತ್ರೆಯಿಂದಲೇ ಲಿವರಿಗೆ ಪೆಟ್ಟು ಬಿದ್ದಿದೆ. ಹಿಂಗೇ ನುಂಗ್ತಾ ಹೋಗಿದ್ರೆ ಮನುಷ್ಯ ಕೈಗೆ ಸಿಗ್ತಿರಲಿಲ್ಲ. ಯಾರು ಕಂಡುಹಿಡಿದಿದ್ದು?”

ವರಲಕ್ಷ್ಮಮ್ಮ ಅಮ್ಮಾಜಮ್ಮನನ್ನು ಮುಂದಕ್ಕೆ ತಳ್ಳಿದರು.

ಕಣ್ಣು ತಿಳಿಯಾಗಲು ಮೂರು ವಾರ ಹಿಡಿಯಿತು. ಆಮೇಲೆ ಡಾಕ್ಟರು ಒಂದೊಂದೇ ಮಾತ್ರೆ ಮತ್ತೆ ಶುರುಮಾಡಿ, ಮನೆಯಲ್ಲೇ ನುಂಗಲು ಮಾತ್ರೆಪಟ್ಟಿ ಕೊಟ್ಟರು. ಪ್ರತಿ ಸಲವೂ ಅಮ್ಮಾಜಮ್ಮ ಕೈವಾರದ ತಾತಯ್ಯನನ್ನು ನೆನೆದು, ಗಂಡನನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣು ನೋಡುವಳು. ಆಮೇಲೇ ನೀರಿನ ಲೋಟ.

ಶ್ರಾವಣದಲ್ಲಿ ಕೊನೆಯ ಮಾತ್ರೆ ಮುಗಿಯಿತು. ಕಫದಲ್ಲಿ ರೋಗದ ಸುಳಿವಿರಲಿಲ್ಲ. ಆವುಲಪ್ಪ ಹೆಂಡತಿಯೊಡನೆ ಮಾರ್ಕೆಟ್ಟಿನಿಂದ ಗೂಡಿನ ಮೂಟೆ ಹೊತ್ತುಕೊಂಡೇ ಅಂಗನವಾಡಿಗೆ ಬಂದ. ಮೂಟೆ ಇಳಿಸಿ, ಖಾಲಿ ಮಾತ್ರೆಪಟ್ಟಿಯನ್ನು ಮೇಜಿನ ಮೇಲಿಟ್ಟ.

“ಒಂದೂ ಉಳ್ಸಿಲ್ಲ, ನೋಡ್ಕಳಿ ಟೀಚರಮ್ಮ.”

ವರಲಕ್ಷ್ಮಮ್ಮ ಅವನ ಹೆಸರಿನ ಡಬ್ಬಿಯ ತಳ ತಡಕಿ, ಅವತ್ತಿನ ಹಳದಿ ಗೂಡನ್ನು ತೆಗೆದು ಅಮ್ಮಾಜಮ್ಮನ ಅಂಗೈಗಿಟ್ಟರು. ಹಗುರವಾಗಿತ್ತು. ಒಂದು ತುದಿಯಲ್ಲಿ ಈಗ, ಹುಳು ಚಿಟ್ಟೆಯಾಗಿ ಹೊರಬಂದ ದುಂಡನೆಯ ತೂತು.